ಟೋನಿಯೊ ಕ್ರೋಗರನ ಅಕಾಲ ಪ್ರವಾಸ

ಜರ್ಮನ್ ಗ್ರಂಥಕರ್ತನಾದ ಥಾಮಸ್ ಮಾನನು ೧೯೦೩ರಲ್ಲಿ ಪ್ರಕಟಿಸಿದ ‘ಟೋನಿಯೊ ಕ್ರೋಗರ್’ ಎಂಬ ನೀಳ್ಗತೆಯನ್ನು ಕುರಿತು ಮಾತನಾಡುವವರು ಅದರ ಎರಡು ಭಾಗಗಳನ್ನೇ ಹೆಚ್ಚಾಗಿ ಕೊಂಡಾಡುವುದು ವಾಡಿಕೆ. ಒಂದು, ಕಥಾನಾಯಕನು ಮ್ಯೂನಿಕ್ ನಗರದಲ್ಲಿ ಚಿತ್ರಗಾರ್ತಿಯಾದ ಲಿಸವೇತಾ ಇವಾನೊವ್ನಳ ಮುಂದೆ ಕಲೆಗಾರನ ಬಾಳಿನ ವಿಷಯವಾಗಿ ಮಾಡುವ ದೀರ್ಘವಾದ ವಾದ. ಇನ್ನೊಂದು, ಕಥೆಯ ಕೊನೆಯಲ್ಲಿ ಅವನು ಅವಳಿಗೆ ಬರೆಯುವ ಕಾಗದ. ಇವೆರಡರ ನಡುವೆ ಅವನು ಉತ್ತರದ ಕಡಲತೀರಕ್ಕೆ ಕೈಗೊಂಡ ಕೆಲವು ವಾರಗಳ ಪ್ರವಾಸದ ವರ್ಣನೆ ಬರುವುದಷ್ಟೆ. ಅದನ್ನು ವಾದದಿಂದ ಸಿದ್ಧಾಂತಕ್ಕೆ ದಾಟಿಸುವ ಕಾಲುಸಂಕವೆಂದು ಮಾತ್ರ ಎಣಿಸಿ ವಿಮರ್ಶಕರು ಬೇಗಬೇಗನೆ ದಾಟಿಬಿಡುವರು. ಈ ಎಣಿಕೆ ಯುಕ್ತವಾದುದಲ್ಲ. ಕಥೆಯ ಜೀವವಿರುವುದು ಪ್ರವಾಸದಲ್ಲಿ. ಅದರಲ್ಲಿಯೂ ಆ ಪ್ರವಾಸವು ಯಾರೂ ಹೋಗದ ಕಾಲದಲ್ಲಿ, ಯಾವ ಸಿದ್ಧತೆಯೂ ಇಲ್ಲದಂತೆ ತೋರುತ್ತ, ಬಾಲ್ಟಿಕ್ ಸಮುದ್ರದ ದಡಕ್ಕೆ ನಡೆಯಿತೆಂಬುದರಲ್ಲಿ. ವಾದವನ್ನೂ ಕಾಗದವನ್ನೂ ತೆಗೆದುಹಾಕಿದರೂ ಪ್ರವಾಸವು ನಿಲ್ಲುವುದು. ಪ್ರವಾಸವನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಪ್ರಬಂಧ.

ಕಥೆಯನ್ನು ಓದದವರ ಸಲುವಾಗಿ ಅದರ ಹಂದರವನ್ನಿಷ್ಟು ಹೇಳುವುದು ಆವಶ್ಯಕ. ಉತ್ತರ ಜರ್ಮನಿಯ ಒಂದು ಹಳೆಯ ವರ್ತಕರ ಪಟ್ಟಣ. ಕವಿ ಅದರ ಹೆಸರನ್ನು ಹೇಳದಿದ್ದರೂ ಅದು ಅವನು ೧೮೭೫ರಲ್ಲಿ ಹುಟ್ಟಿದ ಲ್ಯೂಬೆಕ್ ಎಂಬುದರಲ್ಲಿ ಸಂಶಯವಿಲ್ಲ. ಅಲ್ಲಿಯ ಪ್ರತಿಷ್ಠಿತ ಧಾನ್ಯವ್ಯಾಪಾರಿಯೊಬ್ಬನ ಮಗ ಟೋನಿಯೊ. ತಂದೆ ಉತ್ತರದವನು, ಶಿಸ್ತಿನವನು. ತಾಯಿ ದೂರದ ದಕ್ಷಿಣದವಳು, ಸಂಗೀತಪ್ರಿಯೆ. ಬಾಲ್ಯದಲ್ಲಿ ಅವನು ತನ್ನಂತಲ್ಲದ, ಹೊಂಗೂದಲಿನ, ನೀಲಿಗಣ್ಣಿನ, ಯಾವ ಚಿಂತೆಯೂ ಇಲ್ಲದ ಇಬ್ಬರಲ್ಲಿ ಮನಸ್ಸಿಟ್ಟನು. ಮೊದಲು ಹಾನ್ಸ್ ಹಾನ್ಸೆನ್ ಎಂಬ ಸಹಪಾಠಿ, ಆಮೇಲೆ ಇಂಗೆಬೋರ್ಗ್ ಹೋಲ್ಮ್ ಎಂಬ ಹುಡುಗಿ. ಇಬ್ಬರೂ ಅವನನ್ನು ಅರಿಯಲಿಲ್ಲ. ತಂದೆ ಸತ್ತನು, ಅಂಗಡಿ ಮುಚ್ಚಿತು, ಮನೆ ಮಾರಿಹೋಯಿತು, ತಾಯಿ ಮರುಮದುವೆಯಾಗಿ ದೇಶಾಂತರ ಹೋದಳು. ಟೋನಿಯೊ ದಕ್ಷಿಣಕ್ಕೆ ಹೋಗಿ ಗ್ರಂಥಕರ್ತನಾಗಿ ಹೆಸರು ಗಳಿಸಿದನು. ಆದರೆ ಅವನ ಎದೆ ತಣ್ಣಗಾಗುತ್ತ ಬಂದಿತು. ಬಾಳನ್ನು ವರ್ಣಿಸುವವನಿಗೆ ಬಾಳು ಸಲ್ಲದೆಂಬ ಭಾವನೆ ಅವನಲ್ಲಿ ಬೇರೂರಿತು. ಇಷ್ಟರ ಮೇಲೆ ಪ್ರವಾಸ.

ಬಾಲ್ಟಿಕ್ ಸಮುದ್ರವನ್ನು ಜರ್ಮನರು ‘ಪೂರ್ವಸಮುದ್ರ’ವೆನ್ನುವರು. ಅದು ನಾಲ್ಕು ಕಡೆಯೂ ನೆಲದಿಂದ ಸುತ್ತುವರಿದು, ಡೆನ್ಮಾರ್ಕಿನ ಬಳಿಯ ಇಕ್ಕಟ್ಟಾದ ಜಲಸಂಧಿಗಳ ಮೂಲಕ ಮಾತ್ರ ಹೊರಗಡಲನ್ನು ಕೂಡುವುದು. ಆದುದರಿಂದ ಅಲ್ಲಿ ಉಬ್ಬರವಿಳಿತಗಳು ಇಲ್ಲವೆನ್ನುವಷ್ಟು ಅಲ್ಪ. ಮಹಾಸಾಗರದ ನೀರಿನಲ್ಲಿ ಸಾವಿರಕ್ಕೆ ೩೫ ಪಾಲು ಉಪ್ಪಿದ್ದರೆ ಇದರ ನಡುಭಾಗದಲ್ಲಿ ಏಳೆಂಟು ಪಾಲು ಮಾತ್ರ. ಇಂತಹ ಸೌಮ್ಯವಾದ ಕಡಲಿನ ದಡದಲ್ಲಿ ವಿಹಾರಸ್ನಾನದ ಪದ್ಧತಿಯು ೧೭೯೩ರಲ್ಲಿ ಹೈಲಿಗೆನ್‌ಡಾಮ್ ಎಂಬಲ್ಲಿ ಆರಂಭವಾಯಿತು. ಲ್ಯೂಬೆಕ್ಕಿನ ರೇವಾದ ಟ್ರಾವೆಮ್ಯೂಂಡೆಯು ೧೮೦೨ರಲ್ಲಿ ಸ್ನಾನಕ್ಷೇತ್ರವಾಯಿತು. ೧೮೮೨ರಲ್ಲಿ ರೋಸ್ಟಾಕ್ ಪಟ್ಟಣದ ಬುಟ್ಟಿ ಹೆಣೆಯುವ ಕುಶಲಿಯೊಬ್ಬನು, ಗಾಳಿ ತಗುಲದಂತೆ ಕಡಲೆದುರಿಗೆ ಕುಳಿತುಕೊಳ್ಳಲು ಅನುಕೂಲವಾಗುವಂತೆ, ಮೇಲೆ ಮುಚ್ಚಿಗೆಯುಳ್ಳ ಬೆತ್ತದ ಪೀಠವೊಂದನ್ನು ಮಾಡಿಕೊಟ್ಟನು. ಇಂದಿಗೂ ಆ ದಡದಲ್ಲಿ ಬೇಸಗೆಯ ಎರಡು ಮೂರು ತಿಂಗಳು ಇಂತಹ ಪೀಠಗಳು ಸಾಲುಸಾಲಾಗಿ ನಿಲ್ಲುವುವು. ಶರತ್ತು ಬಂದಿತೆಂದರೆ ಅವನ್ನು ಒಂದೊಂದಾಗಿ ಹೊತ್ತು ಕೊಟ್ಟಿಗೆಗೆ ಸೇರಿಸುವರು. ವಾದ್ಯದವರು ಹೊರಟುಹೋಗುವರು, ಹೋಟೆಲುಗಳ ಕಿಟಕಿಗಳು ಮುಚ್ಚುವುವು, ಮರಳು ಮರಳಾಗಿಯೇ ಉಳಿಯುವುದು. ಬಿರುಗಾಳಿ ಬೀಸಿದ ಮಾರನೆಯ ಬೆಳಿಗ್ಗೆ ಕಡಲಪಾಚಿಯ ರಾಶಿಯಲ್ಲಿ ತೃಣಮಣಿಯ ಚೂರುಗಳನ್ನು ಹುಡುಕುವ ಒಬ್ಬಿಬ್ಬರನ್ನು ಬಿಟ್ಟರೆ ಜನಸಂಚಾರವಿರದು.

ಋತುವಿನಲ್ಲಿ ಹೋಗುವವನ ಯಾತ್ರೆಯನ್ನು ಊರೇ ಏರ್ಪಡಿಸಿಕೊಡುವುದು. ಎಲ್ಲಿ ಕುಳಿತುಕೊಳ್ಳಬೇಕು, ಯಾವಾಗ ನೀರಿಗಿಳಿಯಬೇಕು, ಯಾರಿಗೆ ಟೋಪಿ ತೆಗೆದು ವಂದಿಸಬೇಕು ಎಂಬುದೆಲ್ಲವೂ ಮೊದಲೇ ಗೊತ್ತಾಗಿರುವುದು. ಋತು ಕಳೆದ ಮೇಲೆ ಹೋಗುವವನಿಗೆ ಇದಾವುದೂ ದೊರೆಯದು. ಅವನು ತನ್ನ ಉದ್ದೇಶವನ್ನು ತಾನೇ ಹೊತ್ತುಕೊಂಡು ಹೋಗಬೇಕು. ಉದ್ದೇಶವೇ ಇಲ್ಲವೆಂದು ಹೇಳಿಕೊಂಡು ಹೊರಟವನ ಉದ್ದೇಶವು ಇಂತಹ ಬರಿದಾದ ದಡದಲ್ಲಿ ಬೇಗನೆ ಬಯಲಾಗುವುದು. ಮಾನನಿಗೆ ಇದು ಚೆನ್ನಾಗಿ ತಿಳಿದಿತ್ತು. ಅವನೇ ೧೮೯೯ರ ಸೆಪ್ಟೆಂಬರಿನಲ್ಲಿ, ಮ್ಯೂನಿಕ್ಕಿನ ‘ಸಿಂಪ್ಲಿಸಿಸ್ಸಿಮುಸ್’ ಪತ್ರಿಕೆಯ ಸಂಪಾದಕವರ್ಗದಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ಬಿಡುವು ಪಡೆದು ಲ್ಯೂಬೆಕ್ಕಿನ ಮಾರ್ಗವಾಗಿ ಡೆನ್ಮಾರ್ಕಿನ ಆಲ್ಸ್‌ಗಾರ್ಡ್ ಎಂಬ ಸಣ್ಣ ಸ್ನಾನಕ್ಷೇತ್ರಕ್ಕೆ ಹೋಗಿಬಂದಿದ್ದನು. ಕಥೆಯ ಮಾರ್ಗವೂ ಅದೇ, ಮಾಸವೂ ಹೆಚ್ಚುಕಡಮೆ ಅದೇ. ಭೂಗೋಳವನ್ನು ನಿಷ್ಕೃಷ್ಟವಾಗಿ ಹಿಡಿಯುವವರು ಆಲ್ಸ್‌ಗಾರ್ಡ್ ಇರುವುದು ಬಾಲ್ಟಿಕ್ಕಿನ ದಡದಲ್ಲಿ ಅಲ್ಲ, ಅದರ ಹೊಸ್ತಿಲಾದ ಸೌಂಡ್ ಜಲಸಂಧಿಯ ಬಾಯಲ್ಲಿ ಎಂದು ಆಕ್ಷೇಪಿಸಬಹುದು. ಆದರೆ ಟೋನಿಯೊ ಕಾಣಬೇಕೆಂದು ಹಂಬಲಿಸುವುದು ತನ್ನ ಬಾಲ್ಯದ ಪೂರ್ವಸಮುದ್ರವನ್ನೇ. ಹೊಸ್ತಿಲಿನಲ್ಲಿ ನಿಂತವನಿಗೂ ಮನೆ ಕಾಣುವುದು.

ಪ್ರವಾಸದ ಸಂಕಲ್ಪವನ್ನು ತಿಳಿಸುವ ಪ್ರಕರಣವು ಒಂದೆರಡು ಪುಟಗಳನ್ನು ಮೀರದು. ಆದರೂ ಕಥೆಯಲ್ಲಿ ಇದಕ್ಕಿಂತ ನಯವಾದ ಭಾಗ ಇನ್ನೊಂದಿಲ್ಲ. ಶರತ್ಕಾಲದ ಒಂದು ದಿನ ಟೋನಿಯೊ ಲಿಸವೇತಳಿಗೆ ತಾನು ಸ್ವಲ್ಪ ಕಾಲ ಊರು ಬಿಟ್ಟುಹೋಗುವುದಾಗಿ ತಿಳಿಸುವನು. ಇಟಲಿಗೋ ಎಂದು ಕೇಳಿದರೆ, ಇಟಲಿಯ ಹೆಸರೆತ್ತುತ್ತಲೇ ಬೇಸರಪಡುವನು. ಡೆನ್ಮಾರ್ಕಿಗೆ ಹೋಗಬೇಕಂತೆ. ಕಾರಣಗಳು? ಅಲ್ಲಿಯ ಪುಸ್ತಕಗಳು ಆಳವಾದುವು. ಅಲ್ಲಿಯ ಊಟವು ಉಪ್ಪುಗಾಳಿಯಲ್ಲಿ ಮಾತ್ರ ಅರಗುವಂತಹುದು. ಅಲ್ಲಿಯ ಹೆಸರುಗಳು ಕಿವಿಗೆ ಇಂಪಾದುವು. ಕ್ರೋನ್‌ಬೋರ್ಗ್ ಕೋಟೆಯಲ್ಲಿ ಹ್ಯಾಮ್ಲೆಟ್ಟನಿಗೆ ಪ್ರೇತವು ಕಾಣಿಸಿಕೊಂಡ ಜಗಲಿಯ ಮೇಲೆ ತಾನೂ ನಿಲ್ಲಬೇಕು. ಹೀಗೆ ಒಂದರ ಮೇಲೊಂದು. ಯಾವ ಮಾರ್ಗವಾಗಿ ಹೋಗುವೆ ಎಂದು ಲಿಸವೇತ ಸಹಜವಾಗಿ ಕೇಳುವಳು. ಎಲ್ಲರೂ ಹೋಗುವ ಮಾರ್ಗದಲ್ಲಿಯೇ ಎಂದು ಹೆಗಲು ಕುಣಿಸಿ ಹೇಳುವಾಗ ಅವನ ಮುಖ ಕೆಂಪೇರುವುದು. ಹದಿಮೂರು ವರ್ಷಗಳ ಮೇಲೆ ಹುಟ್ಟೂರನ್ನು ಹಾದುಹೋಗುವುದಾಗಿ ಆಮೇಲೆ ಒಪ್ಪಿಕೊಳ್ಳುವನು. ತಾನು ಕೇಳಬೇಕೆಂದಿದ್ದುದು ಅದೇ ಎಂಬಂತೆ ಲಿಸವೇತ ನಗುವಳು.

ಭರತಮುನಿಯು ಎಣಿಸಿದ ಮೂವತ್ತುಮೂರು ವ್ಯಭಿಚಾರಿಭಾವಗಳಲ್ಲಿ ಅವಹಿತ್ಥವೆಂಬುದೊಂದು. ಮನಸ್ಸಿನಲ್ಲಿರುವುದನ್ನು ಮರೆಮಾಚಲು ಬೇರೆ ಮಾತನ್ನೋ ಬೇರೆ ಕೆಲಸವನ್ನೋ ಮುಂದೊಡ್ಡುವುದು ಅದರ ಲಕ್ಷಣ. ಟೋನಿಯೊ ಪಟ್ಟಿಮಾಡುವ ಕಾರಣಗಳೆಲ್ಲವೂ ಅವಹಿತ್ಥವೇ. ಪುಸ್ತಕ, ಊಟ, ಹೆಸರು, ಪ್ರೇತ ಇವೆಲ್ಲ ತೆರೆ. ತೆರೆಯ ಹಿಂದಿರುವುದು ತಂದೆಯ ಮನೆ. ಮುಖ ಕೆಂಪೇರಿದುದು ವೈವರ್ಣ್ಯವೆಂಬ ಸಾತ್ತ್ವಿಕಭಾವ. ಇದನ್ನು ನಟಿಸಿ ತೋರಿಸುವುದೂ ಕಷ್ಟ, ತಡೆಯುವುದೂ ಕಷ್ಟ. ಮರೆಮಾಚುವ ಮಾತು ಹತ್ತು ವಾಕ್ಯಗಳಷ್ಟು ಬಂದರೆ ಅದನ್ನು ಸುಳ್ಳುಮಾಡುವ ಚಿಹ್ನೆ ಒಂದೇ ಒಂದು ಸಲ ಬರುವುದು. ಈ ಪ್ರಮಾಣಜ್ಞಾನವೇ ಔಚಿತ್ಯ. ಕವಿ ಒಂದಕ್ಷರವನ್ನೂ ವಿವರಿಸದೆ, ನಗುವ ಕೆಲಸವನ್ನು ಲಿಸವೇತಳಿಗೆ ಬಿಟ್ಟಿರುವನು.

ವಾಚಕರು ಇನ್ನೊಂದನ್ನು ಗಮನಿಸಬೇಕು. ಲಿಸವೇತಳ ಚಿತ್ರಶಾಲೆಯಲ್ಲಿ ದೊಡ್ಡ ವಾದ ನಡೆದುದು ವಸಂತದಲ್ಲಿ. ಅಂದು ಅವಳು ಅವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ನೀನು ದಾರಿತಪ್ಪಿದ ಗೃಹಸ್ಥನೇ ಹೊರತು ಬೇರೆಯಲ್ಲ ಎಂಬರ್ಥದ ಒಂದು ತೀರ್ಪನ್ನು ಕೊಟ್ಟಿದ್ದಳು. ಅವನು ಎದ್ದು ಹೋಗಿದ್ದನು. ವಸಂತಕ್ಕೂ ಶರತ್ತಿಗೂ ನಡುವೆ ಅರ್ಧ ವರ್ಷವಿದೆ. ಆ ಕಾಲದಲ್ಲಿ ಏನಾಯಿತೆಂದು ಕಥೆಯು ಹೇಳದು. ಒಡನೆಯೇ ಹುಟ್ಟಿದಂತೆ ತೋರುವ ಸಂಕಲ್ಪವು ಆರು ತಿಂಗಳು ಒಳಗೊಳಗೇ ಮಾಗಿತ್ತೆಂಬುದು ಆ ಮೌನದ ವ್ಯಂಗ್ಯಾರ್ಥ. ಬೇಸಗೆಯಲ್ಲಿ ಹೋಗಬಹುದಾಗಿತ್ತು, ಹೋಗಲಿಲ್ಲ. ಎಲ್ಲರೂ ಹಿಂದಿರುಗುವ ತನಕ ಕಾದನು. ಇದನ್ನು ಸಿದ್ಧತೆಯಿಲ್ಲದ ಪ್ರವಾಸವೆನ್ನಲಾದೀತೆ? ಟೋನಿಯೊ ಎಲ್ಲವನ್ನೂ ಗೊತ್ತುಮಾಡಿಕೊಂಡಿದ್ದನು. ಗೊತ್ತುಮಾಡಿಕೊಂಡೆನೆಂಬುದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ.

ಒಳಗೆ ಹೆಚ್ಚು ಕಷ್ಟಪಡುವವನಿಗೆ ಹೊರಗೆ ಸ್ವಲ್ಪ ಸುಖ ಸಲ್ಲುವುದೆಂಬ ನ್ಯಾಯದಿಂದ ಅವನು ರೈಲಿನಲ್ಲಿ ಸುಖಾಸನದ ಡಬ್ಬಿಯನ್ನೇ ಹಿಡಿದು ಊರಿಗೆ ಬಂದನೆಂಬುದು ಕವಿಯ ಮೆಲುನಗೆಯ ಮಾತು. ಊರಿನಲ್ಲಿ ಅವನು ಅಪರಿಚಿತನಂತೆ ಹೋಟೆಲಿನಲ್ಲಿ ಇಳಿದುಕೊಳ್ಳುವನು. ತಂದೆಯ ಮನೆಯ ಬಾಗಿಲಿಗೆ ಹೋದರೆ ಅದೀಗ ಸಾರ್ವಜನಿಕ ಪುಸ್ತಕಭಂಡಾರ. ಅಜ್ಜಿಯೂ ತಂದೆಯೂ ಪ್ರಾಣಬಿಟ್ಟ ಕೊಠಡಿಯಲ್ಲಿ ಪುಸ್ತಕದ ಕಪಾಟುಗಳು. ಒಂದು ಪುಸ್ತಕವನ್ನು ತೆಗೆದುಕೊಂಡು ಓದುವವನಂತೆ ನಟಿಸಿ ಕಿಟಕಿಯಿಂದ ತೋಟದ ಹಳೆಯ ಅಕ್ರೋಟಿನ ಮರವನ್ನು ನೋಡುವನು. ಗ್ರಂಥಕರ್ತನ ಮನೆಯು ಗ್ರಂಥಗಳಿಂದ ತುಂಬಿಹೋಗಿ ಅವನಿಗೇ ಸ್ಥಳವಿಲ್ಲದಂತಾದುದು ಎಂತಹ ಕಹಿಯಾದ ಸಂಗತಿ! ಇಲ್ಲಿ ಕರುಣರಸಕ್ಕೆ ಎಡೆಯಿತ್ತು. ಕಣ್ಣೀರು ತರಿಸುವ ಕವಿಗಳು ಈ ಸಂದರ್ಭವನ್ನು ಬಿಡುತ್ತಿರಲಿಲ್ಲ. ಮಾನನು ಅದನ್ನು ಹಾಗೆಯೇ ನಿಲ್ಲಿಸಿ, ಒಡನೆಯೇ ಹಾಸ್ಯಕ್ಕೆ ತಿರುಗುವನು.

ಹೋಟೆಲಿನಿಂದ ಹೊರಡುವ ಹೊತ್ತಿಗೆ ಯಜಮಾನನೂ ಪೋಲೀಸಿನವನೂ ಅವನನ್ನು ತಡೆದು ವಿಚಾರಿಸುವರು. ಮ್ಯೂನಿಕ್ಕಿನಿಂದ ತಲೆತಪ್ಪಿಸಿಕೊಂಡು ಡೆನ್ಮಾರ್ಕಿನ ಕಡೆಗೆ ಓಡಿರುವ ವಂಚಕನೊಬ್ಬನಿಗಾಗಿ ಹುಡುಕಾಟ ನಡೆದಿರುವುದಂತೆ. ಟೋನಿಯೊವಿನ ಬಳಿ ಗುರುತಿನ ಕಾಗದಗಳಿಲ್ಲ. ತಾನು ಈ ಊರಿನ ಕ್ರೋಗರ್ ಮನೆತನದ ಕುಡಿಯೆಂದು ಒಂದು ಮಾತು ಆಡಿದರೆ ಸಾಕಾಗಿತ್ತು, ಆಡನು. ಅವರ ಸಂಶಯದಲ್ಲಿ ಸ್ವಲ್ಪ ಸತ್ಯವಿರುವುದೆಂದು ಅವನಿಗೇ ತೋರುವುದು. ಕಟ್ಟಕಡೆಗೆ ಅಚ್ಚಿಗೆ ಹೋಗಬೇಕಾದ ತನ್ನ ಕಥೆಯೊಂದರ ಕರಡುಹಾಳೆಯನ್ನು ತೋರಿಸಿ ಬಿಡುಗಡೆ ಪಡೆಯುವನು. ಲ್ಯೂಬೆಕ್ಕಿನಲ್ಲಿ ಮಾನನಿಗೇ ಇಂತಹ ಅನುಭವವಾಗಿತ್ತೆಂದು ಅವನ ಜೀವನಚರಿತ್ರಕಾರರು ಹೇಳುವರು. ಆದರೆ ನಡೆದ ಸಂಗತಿಯೆಂಬ ಮಾತ್ರಕ್ಕೆ ಅದು ಕಾವ್ಯದಲ್ಲಿ ಸಲ್ಲದು. ಇಲ್ಲಿ ಅದು ಸಲ್ಲುವುದಕ್ಕೆ ಕಾರಣ ಬೇರೆಯುಂಟು. ಬೇಸಗೆಯಲ್ಲಿ ಬಂದ ನೂರಾರು ಜನರಲ್ಲಿ ಒಬ್ಬನನ್ನು ಏಕೆ ಬಂದೆ ಎಂದು ಯಾರೂ ಕೇಳರು. ಕಾಲವಲ್ಲದ ಕಾಲದಲ್ಲಿ, ನೆಂಟರಿಲ್ಲದೆ, ವ್ಯಾಪಾರವಿಲ್ಲದೆ, ಒಬ್ಬನೇ ಬಂದು ಉತ್ತರದ ಗಡಿಯತ್ತ ಸಾಗುವವನನ್ನು ಕೇಳಿಯೇ ಕೇಳುವರು. ಲಿಸವೇತ ನಗುತ್ತ ಕೇಳಿದ ಪ್ರಶ್ನೆಯನ್ನೇ ಪೋಲೀಸಿನವನು ಗಡುಸಾಗಿ ಕೇಳಿರುವನು. ಎರಡು ಸಲವೂ ಟೋನಿಯೊವಿಗೆ ನೇರವಾದ ಉತ್ತರ ತೋಚದು.

ಹಡಗಿನ ರಾತ್ರಿಯ ವರ್ಣನೆಯಲ್ಲಿ ಬಿರುಗಾಳಿಯೂ, ಪಂಜರದಲ್ಲಿ ಗೋಳಿಡುವ ಹುಲಿ ಕರಡಿಗಳೂ, ನಕ್ಷತ್ರಗಳನ್ನು ನೋಡಿ ಭಾವುಕನಾಗುವ ತರುಣ ವರ್ತಕನೂ ಬರುವರು. ಚೆನ್ನಾಗಿದ್ದರೂ ಅದು ಕಥೆಗೆ ಅನಿವಾರ್ಯವಲ್ಲ. ಕೋಪನ್‌ಹೇಗನ್ ನಗರವನ್ನು ಕವಿಯು ಕೆಲವೇ ಸಾಲುಗಳಲ್ಲಿ ಮುಗಿಸಿರುವುದು ಯುಕ್ತವಾಗಿದೆ. ಟೋನಿಯೊ ಅಲ್ಲಿ ಪ್ರವಾಸಿಗರು ನೋಡುವುದನ್ನೆಲ್ಲ ನೋಡುವನು; ಥೋರ್ವಾಲ್ಡ್‌ಸೆನ್ನನ ಶಿಲ್ಪಗಳನ್ನು ನೋಡುವನು, ಗೋಪುರವನ್ನು ಹತ್ತುವನು, ಟಿವೊಲಿ ಉದ್ಯಾನದಲ್ಲಿ ಸಂಜೆ ಕಳೆಯುವನು. ಆದರೆ ಅವನ ಕಣ್ಣಿಗೆ ನಾಟುವುದು ಹುಟ್ಟೂರಿನ ಮನೆಗಳನ್ನು ಹೋಲುವ ಮನೆಗಳೂ, ಬಾಗಿಲ ಫಲಕಗಳಲ್ಲಿ ಬಾಲ್ಯದಿಂದ ಪರಿಚಿತವಾದ ಹೆಸರುಗಳೂ ಮಾತ್ರ. ಒಂದು ದಿನ ನಿಲ್ಲಲಾರದೆ ಹಡಗು ಹತ್ತಿ ಹೆಲ್ಸಿಂಗೋರಿಗೆ ಬರುವನು. ಕ್ರೋನ್‌ಬೋರ್ಗ್ ಕೋಟೆಯಿರುವುದು ಅಲ್ಲಿಯೇ. ಪ್ರೇತದ ಜಗಲಿಯ ಮೇಲೆ ನಿಲ್ಲಬೇಕೆಂದು ಹೇಳಿ ಹೊರಟವನು ಅಲ್ಲಿ ಕಾಲೂರಿ ನಿಲ್ಲದೆ, ಗಾಡಿಯೇರಿ ಮುಕ್ಕಾಲು ಗಂಟೆಯ ಹಾದಿ ಮುಂದಕ್ಕೆ, ಆಲ್ಸ್‌ಗಾರ್ಡಿಗೆ ಸಾಗಿಬಿಡುವನು. ಹೇಳಿದ ಕಾರಣಗಳು ಕೇವಲ ತೆರೆಯಾಗಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಕವಿ ಇದನ್ನೂ ಎತ್ತಿ ತೋರಿಸಿಲ್ಲ. ಓದುವವನು ತಾನೇ ನೆನೆದುಕೊಳ್ಳಬೇಕು.

ಆಲ್ಸ್‌ಗಾರ್ಡಿನಲ್ಲಿ ಹಸಿರು ಕದಗಳುಳ್ಳ ಬಿಳಿಯ ಸಣ್ಣ ಹೋಟೆಲು. ಎದುರಿಗೆ ಜಲಸಂಧಿ, ಆಚೆಗೆ ಸ್ವೀಡನ್ನಿನ ದಡ. ಋತು ಮುಗಿದುದರಿಂದ ಅತಿಥಿಗಳು ಬೆರಳಲ್ಲಿ ಎಣಿಸುವಷ್ಟು. ರಾಜಧಾನಿಯಿಂದ ಬಂದ ಮೀನು ವ್ಯಾಪಾರಿಯೊಬ್ಬ; ತಮ್ಮ ಉಪಾಧ್ಯಾಯನೊಡನೆ ದಿನವೆಲ್ಲ ಚೆಂಡಾಡುವ ಮೂವರು ಅಮೆರಿಕದ ಹುಡುಗರು. ಇಲ್ಲಿ ಟೋನಿಯೊವಿಗೆ ಮಾಡಲು ಏನೂ ಇಲ್ಲ. ದಡದಲ್ಲಿ ನಡೆಯುವನು, ಕುಳಿತುಕೊಳ್ಳುವನು, ಕಡಲನ್ನು ನೋಡುವನು. ಒಂದು ದಿನ ಕಡಲು ಉಬ್ಬಿ ಬೊಬ್ಬಿಡುವುದು. ಇನ್ನೊಂದು ದಿನ ಮಂಜು ಕವಿದು ಮಲಗಿರುವುದು. ದಿನಗಳ ಲೆಕ್ಕ ತಪ್ಪುವುದು. ಅವನು ಬರೆಯುತ್ತಿರುವನೆಂಬ ಮಾತಿಲ್ಲ. ಕಥೆಯಲ್ಲಿ ಇದುವರೆಗೆ ಒಂದು ಕ್ಷಣವೂ ತನ್ನನ್ನು ತಾನು ನೋಡಿಕೊಳ್ಳುವುದನ್ನು ಬಿಡದಿದ್ದವನು ಇಲ್ಲಿ ಮೊದಲ ಸಲ ಬಿಡುವನು. ಆಲಂಕಾರಿಕರು ಚಂದ್ರೋದಯ, ಮಲಯಮಾರುತ, ಕೋಗಿಲೆ ಮುಂತಾದುವನ್ನು ಉದ್ದೀಪನವಿಭಾವಗಳೆಂದು ಹೇಳುವರು. ಇವು ಇರುವ ಭಾವವನ್ನು ಕೆರಳಿಸುವುವು. ಆಲ್ಸ್‌ಗಾರ್ಡಿನ ದಡದಲ್ಲಿ ಇಂತಹ ಒಂದೂ ಇಲ್ಲ. ಎಲ್ಲ ಉದ್ದೀಪನಗಳನ್ನೂ ಕಳೆದ ಮೇಲೆ ಉಳಿಯುವ ಬರಿದಾದ ಸ್ಥಳವೇ ಉದ್ದೀಪನವಾಗುವುದು ಮಾನನ ವಿಶೇಷ. ಲಕ್ಷಣಗ್ರಂಥಗಳಲ್ಲಿ ಇದಕ್ಕೆ ನೇರವಾದ ಉದಾಹರಣೆಯನ್ನು ಹುಡುಕಿದರೆ ಸಿಕ್ಕುವುದು ಕಷ್ಟ. ಲಕ್ಷ್ಯವನ್ನು ನೋಡಿ ಲಕ್ಷಣವನ್ನು ವಿಸ್ತರಿಸಬೇಕಾದ ಸ್ಥಳವಿದು.

ಮಾನನು ಇದಕ್ಕೆ ಎರಡು ವರ್ಷ ಮೊದಲು, ೧೯೦೧ರಲ್ಲಿ, ಪ್ರಕಟಿಸಿದ ‘ಬುಡೆನ್‌ಬ್ರೂಕ್ಸ್’ ಎಂಬ ಮಹಾಕಾದಂಬರಿಯನ್ನು ಪಕ್ಕದಲ್ಲಿಟ್ಟರೆ ಈ ಬರಿದಾದ ದಡದ ಬೆಲೆ ಇನ್ನೂ ಸ್ಪಷ್ಟವಾಗುವುದು. ೧೯೨೯ರ ನೊಬೆಲ್ ಪಾರಿತೋಷಕವು ಅವನಿಗೆ ಮುಖ್ಯವಾಗಿ ಆ ಗ್ರಂಥಕ್ಕಾಗಿ ಬಂದಿತು. ಅದರಲ್ಲಿ ಮನೆತನದ ಕೊನೆಯ ಕುಡಿಯಾದ ಹಾನ್ನೊ ಎಂಬ ದುರ್ಬಲ ಬಾಲಕನು ಬೇಸಗೆಯ ರಜೆಯಲ್ಲಿ ಟ್ರಾವೆಮ್ಯೂಂಡೆಗೆ ಹೋಗುವನು. ಅದು ಅವನ ಬಾಳಿನ ಪರಮಸುಖ. ಆದರೆ ಆ ಸುಖಕ್ಕೆ ಮೊದಲ ದಿನದಿಂದಲೇ ಕೊನೆಯ ದಿನ ಗೊತ್ತಾಗಿರುವುದು. ಮೊದಲು ಮುಗಿಯದೆಂಬಂತೆ ತೋರಿದ ವಾರಗಳು ಆಮೇಲೆ ಕೈಬೆರಳುಗಳ ಸಂದಿಯಿಂದ ಜಾರುವ ಮರಳಿನಂತೆ ಓಡುವುವು. ಬಾಲಕನು ಎಣಿಸುತ್ತ ಎಣಿಸುತ್ತ ಶಾಲೆಗೆ ಹಿಂದಿರುಗುವನು. ಶಾಲೆಯ ಕೆಲಸದಲ್ಲಿ ಬಾಳು ಸವೆಸಿದವರಿಗೆ ಆ ಪುಟಗಳು ಮನಸ್ಸಿಗೆ ಚುಚ್ಚದೆ ಇರವು. ಹಾನ್ನೊವಿನ ತಂದೆಯಾದ ಥಾಮಸ್ ಬುಡೆನ್‌ಬ್ರೂಕನೂ ಅದೇ ದಡಕ್ಕೆ ಹೋಗುವನು. ಆದರೆ ವೈದ್ಯನು ಹೇಳಿದನೆಂದು, ಶರತ್ತಿನಲ್ಲಿ, ಮಳೆ ಗಾಳಿಗಳ ನಡುವೆ. ಅಲ್ಲಿ ಅವನು ತಂಗಿಯೊಡನೆ ಕಡಲನ್ನೂ ಬೆಟ್ಟವನ್ನೂ ಹೋಲಿಸಿ ಮಾತನಾಡುವನು. ಬೆಟ್ಟವನ್ನು ಹತ್ತುವ ಉತ್ಸಾಹ ಉಡುಗಿಹೋದವನಿಗೆ ಕಡಲಿನ ಏಕರೂಪವಾದ ವಿಸ್ತಾರವೇ ವಿಶ್ರಾಂತಿಯೆಂಬುದು ಅವನ ಮಾತಿನ ತಾತ್ಪರ್ಯ. ಊರಿಗೆ ಹಿಂದಿರುಗಿ ಕೆಲವು ತಿಂಗಳಲ್ಲಿ, ಹಲ್ಲಿನ ವೈದ್ಯನ ಮನೆಯಿಂದ ಬರುತ್ತ ಬೀದಿಯಲ್ಲಿ ಬಿದ್ದು ಸಾಯುವನು.

ಹಾನ್ನೊವಿಗೆ ಕಡಲು ಶಾಲೆಯಿಂದ ಸಿಕ್ಕಿದ ಬಿಡುಗಡೆ, ಥಾಮಸ್ಸನಿಗೆ ಸಾವಿನ ಮುಂಗಾಣ್ಕೆ. ಇಬ್ಬರ ಪ್ರವಾಸವನ್ನೂ ಬೇರೆಯವರು ಗೊತ್ತುಮಾಡಿದುದು. ಒಬ್ಬನದನ್ನು ಪಂಚಾಂಗ, ಇನ್ನೊಬ್ಬನದನ್ನು ವೈದ್ಯ. ಟೋನಿಯೊ ಒಬ್ಬನೇ ತಾನಾಗಿ ಹೋದವನು, ಬರುವ ದಿನವನ್ನು ಗೊತ್ತುಮಾಡದೆ ಹೋದವನು. ಆದುದರಿಂದಲೇ ಆ ಇಬ್ಬರಿಗೆ ದಡದಲ್ಲಿ ಸಿಕ್ಕದ ವಸ್ತು ಇವನಿಗೆ ಸಿಕ್ಕುವುದು. ಮುಂದೆ ೧೯೩೦ರಲ್ಲಿ ಮಾನನು ಬಾಲ್ಟಿಕ್ಕಿನ ಪೂರ್ವದ ದಡದ ನಿಡ್ಡೆನ್ ಎಂಬಲ್ಲಿ, ಈಗ ಲಿಥುವೇನಿಯಕ್ಕೆ ಸೇರಿದ ಮರಳುನಾಲಗೆಯ ಮೇಲೆ, ಸ್ವಂತ ಮನೆಯನ್ನು ಕಟ್ಟಿಸಿಕೊಂಡು ಬೇಸಗೆಗಳನ್ನು ಕಳೆಯತೊಡಗಿದನು. ಅದು ನಡೆದುದು ಮೂರು ಬೇಸಗೆ ಮಾತ್ರ. ೧೯೩೩ರಲ್ಲಿ ಅವನು ದೇಶಭ್ರಷ್ಟನಾದನು.

ಇನ್ನು ಆಲ್ಸ್‌ಗಾರ್ಡಿನ ವಿಹಾರದ ದಿನ. ಒಂದು ಬೆಳಿಗ್ಗೆ ಗಾಡಿಗಳ ಸಾಲು ಬಂದು ನಿಲ್ಲುವುದು, ಹೆಲ್ಸಿಂಗೋರಿನಿಂದ ದೊಡ್ಡ ಗುಂಪೊಂದು ವಿಹಾರಕ್ಕಾಗಿ ಬಂದಿರುವುದು, ಸಂಜೆ ನೃತ್ಯವಂತೆ. ಮುಗಿದುಹೋದ ಋತುವು ಒಂದು ದಿನದ ಮಟ್ಟಿಗೆ ಹಿಂದಿರುಗಿ ಬಂದಂತಾಗುವುದು. ಆ ಗುಂಪಿನಲ್ಲಿ ಹಾನ್ಸ್ ಹಾನ್ಸೆನ್ನನೂ ಇಂಗೆಬೋರ್ಗಳೂ ಕೈಕೈ ಹಿಡಿದು ಸಭಾಂಗಣವನ್ನು ಹಾದುಹೋಗುವರು. ಇಬ್ಬರೂ ಒಟ್ಟಿಗೆ, ಈ ಮೂಲೆಯ ಊರಿನಲ್ಲಿ, ಇವನಿರುವಾಗಲೇ ಬರುವುದೆಂದರೇನು? ಇದು ಕಾಕತಾಳೀಯವಲ್ಲವೆ, ದೊಡ್ಡ ಕವಿಯೂ ಕಥೆಯನ್ನು ಮುಗಿಸಲು ಇಂತಹ ಸುಲಭೋಪಾಯವನ್ನು ಹಿಡಿದನಲ್ಲಾ ಎಂದು ಆಕ್ಷೇಪಿಸುವವರುಂಟು.

ಈ ಆಕ್ಷೇಪವು ವ್ಯಕ್ತಿಗೂ ಜಾತಿಗೂ ಇರುವ ಭೇದವನ್ನು ಮರೆತುದರಿಂದ ಹುಟ್ಟಿದುದು. ತರ್ಕವನ್ನೋದಿದವರಿಗೆ ಇದು ಸುಲಭ. ಗೋವೆಂಬ ವ್ಯಕ್ತಿ ಬೇರೆ, ಗೋತ್ವವೆಂಬ ಜಾತಿ ಬೇರೆ. ಅವರು ಬಿಡಿಬಿಡಿಯಾದ ಮುಖಚಿಹ್ನೆಗಳಿಂದಲ್ಲದೆ ಕುಲದ, ಮಾದರಿಯ ಸಮಾನತೆಯಿಂದ ಹಾನ್ಸನೂ ಇಂಗೆಬೋರ್ಗಳೂ ಆಗಿದ್ದರೆಂದು ಕವಿಯೇ ಸೂಚಿಸಿರುವನು. ಬಂದವರು ಯಾರೋ ಡೇನಿಷ್ ಹುಡುಗ ಹುಡುಗಿಯರು. ಟೋನಿಯೊ ಕಂಡುದು ಅವರಲ್ಲಿಯ ಸಾಮಾನ್ಯವನ್ನು. ಬಾಲ್ಯದಲ್ಲಿ ಪ್ರೀತಿಸಿದುದೂ ಅದನ್ನೇ ಎಂದು ಅವನಿಗೆ ಈಗ ಹೊಳೆಯುವುದು. ಜನದಟ್ಟಣೆಯ ಬೇಸಗೆಯಲ್ಲಿ ಬಂದಿದ್ದರೆ ಇಂತಹ ಹೊಂಗೂದಲಿನ ತಲೆಗಳು ದಿನಕ್ಕೆ ನೂರು ಕಾಣುತ್ತಿದ್ದುವು. ನೂರರಲ್ಲಿ ಒಂದೂ ನಾಟುತ್ತಿರಲಿಲ್ಲ. ವಾರಗಟ್ಟಲೆ ಯಾರನ್ನೂ ಕಾಣದೆ ಹಸಿದ ಕಣ್ಣಿಗೆ ಇಬ್ಬರು ಕಂಡರು. ಕಥೆಯ ಸಂವಿಧಾನವು ಪೂರ್ಣವಾಗಿ ಋತುವಿನ ಆಯ್ಕೆಯ ಮೇಲೆ ನಿಂತಿರುವುದು ಇಲ್ಲಿ ವಿಶದವಾಗುವುದು. ಹೊಂಗೂದಲು ನೀಲಿಗಣ್ಣುಗಳನ್ನು ಒಂದು ಕುಲದ ಲಕ್ಷಣವಾಗಿ ಕೊಂಡಾಡುವ ಈ ಮಾತುಗಳನ್ನು, ಜರ್ಮನಿಯಲ್ಲಿ ೧೯೩೩ರಿಂದ ೧೯೪೫ರವರೆಗೆ ನಡೆದುದನ್ನು ಬಲ್ಲ ವಾಚಕನು ಇಂದು ನಿಶ್ಚಿಂತನಾಗಿ ಓದಲಾರನೆಂಬುದೂ ನಿಜ. ಟೋನಿಯೊವಿನ ಹಂಬಲವು ಹೊರಗೆ ನಿಂತು ನೋಡುವವನ ಹಂಬಲ. ಇತರರನ್ನು ಹೊರಗೆ ತಳ್ಳುವವನ ಗರ್ವವಲ್ಲ. ಆದರೂ ಆ ಪದಗಳ ಮೇಲೆ ಬಿದ್ದ ನೆರಳನ್ನು ತೆಗೆಯುವುದಾಗದು.

ಸಂಜೆಯ ನೃತ್ಯವನ್ನು ಅವನು ಕತ್ತಲೆಯಾದ ಮೊಗಸಾಲೆಯಲ್ಲಿ ನಿಂತು ಗಾಜಿನ ಬಾಗಿಲಿನ ಮೂಲಕ ನೋಡುವನು. ಹದಿನಾರರ ಪ್ರಾಯದಲ್ಲಿ ನೃತ್ಯಪಾಠದ ದಿನ, ತಪ್ಪಿ ಹೆಂಗಸರ ಸಾಲಿನಲ್ಲಿ ಸೇರಿಕೊಂಡು ನಗೆಗೀಡಾಗಿ, ಪರದೆ ಎಳೆದ ಕಿಟಕಿಯ ಮುಂದೆ ನಿಂತಿದ್ದವನೂ ಅವನೇ. ಅಂದು ನೃತ್ಯದಲ್ಲಿ ಯಾವಾಗಲೂ ಎಡವಿ ಬೀಳುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವನ ಕವಿತೆಗಳನ್ನು ಮೆಚ್ಚುತ್ತಿದ್ದವಳು ಅವಳೊಬ್ಬಳೇ. ಅವಳ ಕಡೆಗೆ ಇವನು ಕಣ್ಣೆತ್ತಿ ನೋಡಿರಲಿಲ್ಲ. ಆಲ್ಸ್‌ಗಾರ್ಡಿನಲ್ಲಿಯೂ ಬಿಳಿಚಿಕೊಂಡ ಹುಡುಗಿಯೊಬ್ಬಳು ಕುಣಿಯುತ್ತ ಬೀಳುವಳು. ಈ ಸಲ ಟೋನಿಯೊ ಮುಂದೆ ಬಂದು ಅವಳನ್ನು ಎತ್ತಿ ನಿಲ್ಲಿಸುವನು, ಇನ್ನು ಕುಣಿಯಬೇಡವೆಂದು ಮೃದುವಾಗಿ ಹೇಳುವನು. ಪ್ರವಾಸದ ಫಲವೆಂದು ಯಾವುದನ್ನಾದರೂ ತೋರಿಸಬೇಕಾದರೆ ಇದನ್ನು ತೋರಿಸಬೇಕು. ಹೊಂಗೂದಲಿನವರಿಂದ ಅವನಿಗೆ ಏನೂ ಸಿಕ್ಕಲಿಲ್ಲ. ಅವರು ಅವನನ್ನು ಗಮನಿಸಲೂ ಇಲ್ಲ. ಬಿದ್ದವಳ ಕಡೆಗೆ ಅವನ ಕೈ ಚಾಚಿತು. ಆಮೇಲೆ ಕೊಠಡಿಗೆ ಹೋಗಿ ಹಾಸಿಗೆಯಲ್ಲಿ ಮುಖವಿಟ್ಟು ಅಳುವನು. ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು.

ಮುಗಿಯಲಿಲ್ಲ. ಕಾಗದ ಬಂದಿತು. ತಾನು ಎರಡು ಲೋಕಗಳ ನಡುವೆ ನಿಂತವನೆಂದೂ, ಎರಡರಲ್ಲಿಯೂ ಬೇರಿಲ್ಲದವನೆಂದೂ, ಸಾಮಾನ್ಯರ ಬಾಳಿನ ಮೇಲಣ ಪ್ರೀತಿಯೇ ತನ್ನನ್ನು ಕವಿಯನ್ನಾಗಿ ಮಾಡುವುದೆಂದೂ ಟೋನಿಯೊ ಅದರಲ್ಲಿ ವಿವರಿಸುವನು. ಇದುವರೆಗೆ ಗಾಜಿನ ಬಾಗಿಲು, ಬಿದ್ದ ಹುಡುಗಿ, ಮುಚ್ಚಿದ ಹೋಟೆಲು ಇವು ಧ್ವನಿಸಿದ ಅರ್ಥವನ್ನೆಲ್ಲ ಈ ಕಾಗದವು ವಾಚ್ಯಮಾಡಿಬಿಡುವುದು. ವಸಂತದಲ್ಲಿ ವಾದಿಸಿದ ಟೋನಿಯೊವೇ ಇಲ್ಲಿ ಮತ್ತೆ ತಲೆಯೆತ್ತುವನು. ದಡದಲ್ಲಿ ಕೆಲವು ದಿನ ಮೌನವಾಗಿದ್ದವನು ಕಾಣನು. ಕೊನೆಯ ಸಾಲಿನಲ್ಲಿ ಕವಿಯು ಮೊದಲನೆಯ ಅಧ್ಯಾಯವನ್ನು ಮುಗಿಸಿದ ಮಾತನ್ನೇ ಹೆಚ್ಚುಕಡಮೆ ಹಾಗೆಯೇ ಮತ್ತೆ ತಂದಿರುವುದನ್ನು ಅನೇಕರು ಮೆಚ್ಚುವರು. ಅಲ್ಲಿ ಕವಿ ಬಾಲಕನ ವಿಷಯವಾಗಿ ಹೇಳಿದುದನ್ನು ಇಲ್ಲಿ ಅವನೇ ತನ್ನ ವಿಷಯವಾಗಿ ಹೇಳಿಕೊಳ್ಳುವನೆಂಬ ಸ್ವಾರಸ್ಯ ಅದರಲ್ಲುಂಟು; ಅಷ್ಟಕ್ಕಾಗಿ ಇಡೀ ಕಾಗದವನ್ನು ಕ್ಷಮಿಸಬಹುದೇ ಎಂಬುದು ಸಹೃದಯರ ರುಚಿಗೆ ಬಿಟ್ಟುದು.

ಆದರೆ ಕಾಗದದಲ್ಲಿಯೂ ಎರಡು ಸ್ಥಳಗಳು ಉಳಿದುಕೊಳ್ಳುವುವು. ಬರೆಯುತ್ತಿರುವಾಗ ಕಡಲಿನ ಮೊರೆತ ಕೇಳಿಸುತ್ತಿದೆಯೆಂದೂ ತಾನು ಕಣ್ಣು ಮುಚ್ಚುವೆನೆಂದೂ ಅವನು ಹೇಳುವುದು ಒಂದು. ಇನ್ನೊಂದು, ಕಾಗದದ ಮೊದಲಲ್ಲಿ ತಾನು ಬೇಗನೆ ಹಿಂದಿರುಗುವೆನೆಂದು ಬರೆದಿರುವುದು. ಯಾವ ದಿನ, ಯಾವ ಹಡಗಿನಲ್ಲಿ ಎಂಬುದನ್ನು ಬರೆದಿಲ್ಲ. 'ಬೇಗನೆ' ಎಂದಷ್ಟೇ ಇದೆ. ಹೊರಡುವಾಗ ಮಾರ್ಗವನ್ನು ಕೇಳಿದ ಲಿಸವೇತ ಈ ಸಲ ಎದುರಿಗಿಲ್ಲ. ಹಿಂದಿರುಗುವಾಗಲೂ ಅವನು ಹುಟ್ಟೂರಿನ ಮೇಲೆ ಹಾದುಹೋದನೋ, ಬೇರೆ ದಾರಿ ಹಿಡಿದನೋ, ಕಥೆಯು ಹೇಳದು.